ಪದ್ದು ಇಲ್ಲದ ನಾಲ್ಕನೆಯ ಭಾಗ

ಮರ್ಕಂಜ
೧೮-೧-೧೯೮೫

ಪ್ರೀತಿಯ ಸರ್ವೋತ್ತಮರಿಗೆ,

ಹೌದು, ಹೆಸರು ಹಿಡಿದೇ ಬರೆದಿದ್ದೇನೆ. ಇಷ್ಟು ವರ್ಷ ‘ಇವರಿಗೆ’ ಎಂದು ಬರೆದು ಸಾಕಾಯಿತು. ಬಹರೈನಿನ ಅಂಚೆಯವನು ಕೂಗಬಹುದಾದ ಹೆಸರನ್ನು ಹೆಂಡತಿ ಬರೆಯಬಾರದೆಂದರೆ ಯಾವ ನ್ಯಾಯ? ಬೆನ್ನುನೋವು ಹೇಗಿದೆ? ಕಳುಹಿಸಿದ ಎಣ್ಣೆಯನ್ನು ನೀವೇ ತಿಕ್ಕಿಕೊಂಡಿರೋ, ಕೋಣೆಯವರಿಗೆಲ್ಲ ಹಂಚಿ ಮುಗಿಸಿದಿರೋ? ಇಲ್ಲಿ ನಾನೂ ಅತ್ತೆಯೂ ಗಟ್ಟಿಯಾಗಿದ್ದೇವೆ. ಅತ್ತೆಯ ಕೆಮ್ಮು ಹೋಗಿದೆ, ಕೋಪ ಬಂದಿದೆ. ಅದಕ್ಕೆ ಕಾರಣ ಆ ಸಿನಿಮಾ.

ಆಕಾಶನೌಕೆಯ ಕ್ಯಾಪ್ಟನಿನ ಇಂಗ್ಲಿಷ್ ಸಿನಿಮಾದ ನಾಲ್ಕನೆಯ ಭಾಗ ಪುತ್ತೂರಿನ ಟಾಕೀಸಿಗೆ ಬಂತು. ನೆನಪಿದೆಯಲ್ಲ? ಮೊದಲ ಭಾಗ ನೋಡಿದ್ದು ಮದುವೆಯಾದ ವಾರ, ಸುಳ್ಯದ ಟೆಂಟಿನಲ್ಲಿ. ಇಂಗ್ಲಿಷ್ ಯಾರಿಗೂ ತಿಳಿಯದೆಂದು ಡೊಂಬಯ್ಯಣ್ಣ ಪರದೆಯ ಬದಿಯಲ್ಲಿ ಸ್ಟೂಲು ಹಾಕಿ ಕೂತು, ಮೈಕ್ ಹಿಡಿದು ಇಡೀ ಕಥೆಯನ್ನು ತುಳುವಿನಲ್ಲಿ ಹೇಳುತ್ತಿದ್ದರು. ನೌಕೆಯೊಳಗೆ ಅಂಟಿಸಿದ್ದ ಫೋಟೋ ಕಂಡಾಗಲೆಲ್ಲ ಅವರ ಸ್ವರ ಮೆತ್ತಗಾಗುತ್ತಿತ್ತು. ಅದು ಕ್ಯಾಪ್ಟನಿನ ಹೆಂಡತಿ ಪದ್ದು, ದಿನಾ ಸಂಜೆ ಅಂಗಳದಲ್ಲಿ ದೀಪ ಇಟ್ಟು ಆಕಾಶ ನೋಡುತ್ತಾಳೆ ಎನ್ನುತ್ತಿದ್ದರು. ಎರಡನೆಯದು, ಮೂರನೆಯದು ನೀವು ರಜೆಯಲ್ಲಿ ಬಂದಾಗ ನೋಡಿದೆವು. ಮೂರನೆಯದರ ಕೊನೆಗೆ ಕ್ಯಾಪ್ಟನ್ ನೌಕೆಯನ್ನು ಭೂಮಿಯ ಕಡೆ ತಿರುಗಿಸಿದಾಗ ಟೆಂಟಿನಲ್ಲಿ ಮೂಗು ಒರೆಸದವರಿರಲಿಲ್ಲ. ನೀವೂ ಒರೆಸಿದಿರಿ. ಮನೆಗೆ ನಡೆದು ಬರುವಾಗ “ನಾಲ್ಕನೇದು ಬರುವಾಗ ನಾನು ಊರಲ್ಲೇ ಉಂಟು, ನೋಡು” ಎಂದಿರಿ. ಆ ಮಾತನ್ನು ಅತ್ತೆಯೂ ಕೇಳಿಸಿಕೊಂಡಿದ್ದರು.

ನೀವಿಲ್ಲವೆಂದು ನಾವೇನೂ ಬಿಡಲಿಲ್ಲ. ಸೊಸೆಗೂ ಅತ್ತೆಗೂ ಪುತ್ತೂರಿಗೆ ಹೋಗಿ ಸಿನಿಮಾ ನೋಡುವಷ್ಟು ಕೊಬ್ಬು ಬಂತಾ ಎಂದು ಬಸ್ಸಿನಲ್ಲಿ ಯಾರೋ ಪಿಸುಗುಟ್ಟಿದರು. ಹೌದು, ಬಂದಿದೆ ಎಂದು ಅತ್ತೆ ತಿರುಗಿಯೇ ಹೇಳಿದರು. ಆದರೆ ಸಿನಿಮಾ ಮಾತ್ರ, ದೇವರೇ! ಅರ್ಧ ದೃಶ್ಯಗಳು ಮೂರನೆಯ ಭಾಗದವೇ, ಹಳೆಯ ಸಾಂಬಾರಿಗೆ ನೀರು ಬೆರೆಸಿದಂತೆ. ರಾಕ್ಷಸನೆಂದು ಬಂದವನು ಗೋಣಿ ಹೊದ್ದ ಮನುಷ್ಯ, ಕೆಳಗೆ ಬೂಟು ಕಾಣುತ್ತಿತ್ತು. ಅದನ್ನೂ ಸಹಿಸಿಕೊಂಡೆವು, ಪದ್ದು ಬರಲಿ ಎಂದು. ಪುತ್ತೂರಿನಲ್ಲಿ ಮೈಕಿನವರು ಯಾರೂ ಇಲ್ಲ, ಆದರೂ ಮನೆ ಸೇರುವುದು ತಿಳಿಯಲು ಮಾತು ಬೇಕೇ? ಕ್ಯಾಪ್ಟನ್ ಭೂಮಿಗೆ ಇಳಿದ. ಬ್ಯಾಂಡು ಬಾರಿಸಿದರು, ಹಾರ ಹಾಕಿದರು. ಅವನು ನಗುನಗುತ್ತಾ ಯಾವುದೋ ಕಾಗದಕ್ಕೆ ಸಹಿ ಹಾಕಿ ಇನ್ನೊಂದು ನೌಕೆ ಹತ್ತಿ ಹೊರಟೇಬಿಟ್ಟ. ಮನೆ ಇಲ್ಲ, ಅಂಗಳ ಇಲ್ಲ, ಪದ್ದು ಇಲ್ಲ. ಆ ಫೋಟೋವೂ ಇಲ್ಲ. ಅತ್ತೆ ಎದ್ದು ನಿಂತು “ಇವನಿಗೆ ಮನೆಯಲ್ಲಿ ಒಬ್ಬಳು ಉಂಟು ಅಂತ ನೆನಪಿಲ್ಲವಾ?” ಎಂದು ಪರದೆಗೇ ಬೈದರು. ಟಾರ್ಚಿನವನು ಓಡಿ ಬಂದ. ಸುಳ್ಯದ ಕಡೆಯಿಂದ ಬಂದವರೆಲ್ಲ ಅತ್ತೆಯ ಪಕ್ಷ. ಪುತ್ತೂರಿನವರು ಮಾತ್ರ ಯಾವ ಹೆಂಡತಿ ಎಂದು ನಮ್ಮನ್ನೇ ಮಿಕಿಮಿಕಿ ನೋಡಿದರು.

ಮಾರನೆಯ ದಿನವೇ ಡೊಂಬಯ್ಯಣ್ಣನನ್ನು ಹಿಡಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದರು. “ಪದ್ದು ಅಂತ ಯಾರೂ ಇಲ್ಲ ಅಕ್ಕ. ಆ ಫೋಟೋ ಯಾರದ್ದೋ ಎಂತದೋ. ಅಷ್ಟು ದೂರ ಹೋದವನಿಗೆ ಕಾಯುವವರು ಬೇಡವಾ? ಇಲ್ಲದಿದ್ದರೆ ನಮ್ಮ ಜನ ಅರ್ಧದಲ್ಲಿ ಎದ್ದು ಹೋಗುದು” ಎಂದರು. ನನಗೆ ಮೈಯೆಲ್ಲ ಉರಿಯಿತು. ಮೂರು ಭಾಗ ನಮ್ಮ ಕಿವಿಗೆ ಹೂ ಇಟ್ಟರೆಂದಲ್ಲ. ಅವಳನ್ನು ಹುಟ್ಟಿಸಿದವರು ಇವರೇ, ಹಾಗಿದ್ದೂ ದೀಪ ಇಡುವುದಲ್ಲದೆ ಬೇರೆ ಒಂದು ಕೆಲಸವನ್ನೂ ಅವಳಿಗೆ ಕೊಡಲಿಲ್ಲವಲ್ಲ! ಅವಳಿಗೆ ಬೇಸರ ಬರುವುದಿಲ್ಲವೇ, ಸಿಟ್ಟು ಬರುವುದಿಲ್ಲವೇ ಎಂದು ಕೇಳಿದೆ.

ಮನೆಗೆ ಬಂದರೆ ನಿಮ್ಮ ಕಾಗದ. ಕಂಪನಿಯವರು ಕಾಂಟ್ರಾಕ್ಟ್ ಮುಂದುವರಿಸಲು ಕರೆದಿದ್ದಾರೆ, ಸಹಿ ಹಾಕುವುದೋ ಬೇಡವೋ ಯೋಚಿಸುತ್ತಿದ್ದೇನೆ, ಅಮ್ಮನಿಗೆ ಈಗಲೇ ಹೇಳಬೇಡ ಎಂದು ಬರೆದಿದ್ದೀರಿ. ಹೇಳಿದ್ದೇನೆ. ಅತ್ತೆ ಬೈಯಲಿಲ್ಲ, ಅಂದು ಊಟವನ್ನೂ ಮಾಡಲಿಲ್ಲ. ಹೋದ ಸಲ ಸಹಿ ಹಾಕುವಾಗ ಮನೆಯ ಸೋರುವ ಮಾಡು ಸರಿಮಾಡಿಸಬೇಕೆಂದಿರಿ, ಮಾಡು ಆಯಿತು. ಈಗ ಏನು ಬಾಕಿ ಉಂಟೆಂದು ನಿಮ್ಮ ಕಾಗದದಲ್ಲಿ ಹುಡುಕಿದೆ, ಸಿಗಲಿಲ್ಲ. ನನಗೆ ನೀವು ಬೇಕು. ಇದನ್ನು ಬರೆಯಲು ನಾಚಿಕೆ ಇಲ್ಲ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ, ಮುಖ ಊದಿಸಿಕೊಂಡೇ. ಬಿಸಿಲಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೊಳ್ಳಿ.

ಇಂತು ನಿಮ್ಮ ಮೇಲೆ ಸಿಟ್ಟೂ ಪ್ರೀತಿಯೂ ಸಮನಾಗಿರುವ,
ಊರ್ಮಿಳಾ

ತಾ.ಕ.: ಅಂಚೆಗೆ ಹೊತ್ತಾಯಿತು. ನಾಲ್ಕನೆಯ ಭಾಗ ಶಿವರಾತ್ರಿ ಕಳೆದ ಶನಿವಾರ ಸುಳ್ಯದ ಟೆಂಟಿಗೆ ಬರುತ್ತದೆ. “ಅಷ್ಟು ಗೊತ್ತುಂಟಲ್ಲ, ನೀವೇ ಹೇಳಿ ಮಾರಾಯ್ರೆ” ಎಂದು ಡೊಂಬಯ್ಯಣ್ಣ ಮೈಕ್ ನನಗೇ ಒಪ್ಪಿಸಿದ್ದಾರೆ. ನಾನು ಒಪ್ಪಿದ್ದೇನೆ, ಅತ್ತೆ ಮುಂದಿನ ಬೆಂಚಿನಲ್ಲಿ ಕೂರುತ್ತಾರಂತೆ. ಪದ್ದುವಿನ ಪಾಲಿನ ಕಥೆ ಈ ಸಲ ನನ್ನದು. ಕ್ಯಾಪ್ಟನ್ ಸಹಿ ಹಾಕಿ ಹೊರಟ ಮೇಲೆ ಅವಳು ಅಂಗಳದ ದೀಪ ಆರಿಸಿ, ಬಾಗಿಲಿಗೆ ಬೀಗ ಜಡಿದು, ಅತ್ತೆಯ ಕೈ ಹಿಡಿದು ತನ್ನ ದಾರಿ ಹಿಡಿದಳು ಎಂದು ಹೇಳಬೇಕೋ ಬೇಡವೋ, ಇನ್ನೂ ನಿರ್ಧರಿಸಿಲ್ಲ. ನೀವು ಸಹಿ ಹಾಕಿದಿರೋ ಇಲ್ಲವೋ, ಆ ಶನಿವಾರದೊಳಗೆ ನನಗೆ ತಿಳಿಯಬೇಕು.