ನೂರ ಹನ್ನೆರಡು ಪಕ್ಕಾಸು

ಕಲ್ಯಾಣಪುರ
೧೬ ಏಪ್ರಿಲ್ ೨೦೨೫

ಮಗಳೇ ಉಮೈರಾ,

ನಿನಗೆ ಮಾಮನ ಸಲಾಂ. ಮೈಸೂರಿನಲ್ಲಿ ಆರೋಗ್ಯವಾಗಿದ್ದೀಯಾ? ತಲೆನೋವು ಕಡಿಮೆಯಾಯಿತಾ? ನಿನ್ನ ಉಮ್ಮ ಬೀಪಾತುಮ್ಮನಿಗೆ ಮೊಣಕಾಲು ನೋವು ಉಂಟು, ಬಾಯಿ ಮಾತ್ರ ಚುರುಕಾಗಿಯೇ ಉಂಟು. ನನಗೆಂತ ಧಾಡಿ? ಅರುವತ್ತೆಂಟರಲ್ಲೂ ಏಣಿ ಇಲ್ಲದೆ ಮನೆಯ ಹಂಚಿನ ಮಾಡು ಹತ್ತುತ್ತೇನೆ. ಈ ಊರಿನಲ್ಲಿ ನನಗಿಂತ ಹೆಚ್ಚು ಮಾಡು ಹತ್ತಿದ್ದು ಬೆಕ್ಕು ಮಾತ್ರ. ಹತ್ತು ಸಲ ಫೋನು ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ಐದನೇ ಕ್ಲಾಸಿನ ಅಕ್ಷರದಲ್ಲಿ ಈ ಕಾಗದ.

ಬ್ರಿಟಿಷರ ಕಾಲದ ಆ ಸರ್ಕಾರಿ ಕಚೇರಿಯನ್ನು ಹೊಸತು ಮಾಡುವ ಕೆಲಸ ನಿನ್ನ ಕಂಪೆನಿಗೆ ಸಿಕ್ಕಿದಾಗ ಹೋಟೆಲಿನಲ್ಲಿ ಎಲ್ಲರಿಗೂ ಚಾ ಕುಡಿಸಿದವನು ನಾನು. ಮೂವತ್ತು ವರ್ಷ ಮಳೆಗಾಲಕ್ಕೆ ಮೊದಲು ಅದರ ಒಡೆದ ಹಂಚು ಬದಲಾಯಿಸಿದ್ದು ಈ ಕೈ. ನೀನು ನೋಡಲು ಬಂದ ದಿನ ಹಂಚಿನ ಕೆಳಗಿನ ಒಂದೊಂದು ಮರದ ಪಕ್ಕಾಸಿಗೂ ನಾನು ಬೆರಳ ಗೆಣ್ಣಿನಲ್ಲಿ ಕುಟ್ಟಿದೆ, ನೀನು ಚಾಕ್‌ನಲ್ಲಿ ನಂಬರು ಹಾಕಿದಿ. ನೂರ ಹನ್ನೆರಡರಲ್ಲಿ ಟೊಳ್ಳು ಸದ್ದು ಬಂದದ್ದು ಮೂರೇ ಮೂರು, ಉಳಿದದ್ದೆಲ್ಲ ಗಟ್ಟಿ. "ಮಾಮಾ, ನಿಮ್ಮ ಕಿವಿ ಮೆಷಿನಿಗಿಂತ ಮೇಲು" ಅಂದಿ. ನಾನು ಉಬ್ಬಿಹೋದೆ. ಆಗಲೇ ನೀನು ಒಂದು ಇಂಗ್ಲಿಷ್ ಕಾಗದ ಚಾಚಿ, "ನೀವು ಬಂದದ್ದಕ್ಕೊಂದು ಸೈನ್" ಅಂದಿ. ಎಂತ ಬರೆದಿದೆ ಎಂದು ನಾನು ಕೇಳಲಿಲ್ಲ. ಸ್ವಂತ ತಂಗಿಯ ಮಗಳಲ್ಲಿ ಹಾಗೆ ಕೇಳುವುದುಂಟಾ? ದೊಡ್ಡದಾಗಿ, ಕೆಳಗೆ ಎರಡು ಗೆರೆ ಎಳೆದು ಹಾಕಿಕೊಟ್ಟೆ.

ಮೊನ್ನೆ ಕಚೇರಿಯ ಗುಮಾಸ್ತ ಅಲೆಕ್ಸ್ ಅದನ್ನು ಕನ್ನಡದಲ್ಲಿ ಓದಿ ಹೇಳಿದ. ಮರವೆಲ್ಲ ಗೆದ್ದಲು ತಿಂದಿದೆ, ಮಾಡು ಪೂರ್ತಿ ತೆಗೆದು ತಗಡು ಹಾಕಬೇಕು, ಅನುಭವಿ ಮೇಸ್ತ್ರಿ ಪುತ್ತುಬ್ಬ ಪರೀಕ್ಷಿಸಿ ಒಪ್ಪಿದ್ದಾರೆ ಅಂತ ಅದರಲ್ಲಿ ಉಂಟಂತೆ. ಮತ್ತೆ ನಗುತ್ತಾ, "ಎಂತ ಬ್ಯಾರಿಗಳೇ, ಮೂವತ್ತು ವರ್ಷ ಗೆದ್ದಲಿಗೆ ಹಂಚು ಹೊದಿಸಿದ್ದಾ?" ಅಂದ. ನಾನು ಕಾಗದ ಎಳೆದುಕೊಂಡು ಕೆಳಗಿನ ನನ್ನ ಎರಡು ಗೆರೆ ನೋಡಿದೆ. ತಗಡಾದರೆ ಕೆಲಸ ಬೇಗ ಮುಗಿಯುತ್ತದೆ ಎಂದು ನಿನ್ನ ಮೇಲಿನವರು ಹೇಳಿರಬಹುದು. ಅದನ್ನೇ ನನಗೆ ಹೇಳಿದ್ದರೆ ಜಗಳ ಮಾಡುತ್ತಿದ್ದೆ, ಅಷ್ಟೇ ಅಲ್ವಾ? ಸುಳ್ಳಿಗೆ ನನ್ನ ಕೈಯನ್ನೇ ಯಾಕೆ ಹಿಡಿದಿ ಮಗಳೇ?

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಲ್ಲಾಹು ನಿನಗೆ ಒಳ್ಳೆಯದು ಮಾಡಲಿ. ಸಿಟ್ಟಿನಲ್ಲೂ ಬೇರೆ ದುವಾ ಬಾಯಿಗೆ ಬರುವುದಿಲ್ಲ.

ನಿನ್ನ ಮಾಮ,
ಪುತ್ತುಬ್ಬ

ಇನ್ನೊಂದು: ನಿನ್ನೆ ಆ ಕಚೇರಿಯಲ್ಲೇ ತಕರಾರು ಅರ್ಜಿ ಕೊಟ್ಟು ಬಂದೆ. ಮೇ ಎರಡಕ್ಕೆ ದೊಡ್ಡ ಇಂಜಿನಿಯರರು ಮಾಡು ಹತ್ತಿ ಪ್ರತಿ ಪಕ್ಕಾಸು ನೋಡುತ್ತಾರಂತೆ. ಸೈನ್ ಹಾಕಿಸಿದ್ದು ಯಾರೆಂದು ಕೇಳಿದರು, ನಿನ್ನ ಹೆಸರು ಬರೆಸಿದೆ. ನಿನ್ನ ಉಮ್ಮನಿಗೆ ಗೊತ್ತಿಲ್ಲ. ಮೇ ಎರಡಕ್ಕೆ ಮೊದಲು ನೀನೇ ಬಂದು ಅವಳಿಗೆ ಹೇಳು. ನಾನು ಹೇಳಿದರೆ ಇದೂ ಅಣ್ಣನ ಒಂದು ಬಡಾಯಿ ಅಂತ ನಗುತ್ತಾಳೆ. ನಗಲಿ ಅಂತ ನನಗೂ ಆಸೆ ಉಂಟು.