ಕಿಲೋಗೆ ಇಷ್ಟರಂತೆ ಆಕಾಶ

ಮಾರ್ಚ್ 3, ಬೆಳಗ್ಗೆ

...ಆದರೂ ಮಗಳು ಹೇಳಿದ್ದು ಪೂರ್ತಿ ಸರಿಯಲ್ಲ. ನಿನ್ನೆ ಫೋನಿನಲ್ಲಿ ವಾದಿಸುವ ಮನಸ್ಸಾಗಲಿಲ್ಲ. ಬಾಹ್ಯಾಕಾಶದ ಟಿಕೆಟ್ ಅಗ್ಗವಾಗುತ್ತಿರುವುದು ನಿಜ. ಕಂಪನಿಯ ಕಾಗದ ಬಂದಿದೆ. ಪ್ರಯಾಣಿಕರ ತೂಕ ನೋಡಿ ಕಿಲೋಗೆ ಇಷ್ಟು ಎಂದು ದರ. ಏಳು ವರ್ಷದಲ್ಲಿ ಅರ್ಧಕ್ಕೆ ಇಳಿದಿದೆ.

"ಅರ್ಧ ಆದ್ರೆ ಏನಾಯ್ತಪ್ಪಾ? ನಿನ್ನ ಒಂದು ಕಾಲು ಮೇಲಕ್ಕೆ ಹೋಗ್ಬೇಕಾದ್ರೂ ಮನೆ ಮಾರ್ಬೇಕು" ಅಂದಳು.

ಅಫರ್ಡಬಲ್ ಈಸ್ ಎ ರಿಲೇಟಿವ್ ಟರ್ಮ್... ಕಾಲೇಜಿನಲ್ಲಿ ಯಾರೋ ಹೇಳಿದ್ದು. ಯಾವುದರ ಬಗ್ಗೆಯೋ.

ವೇಯ್ಟಿಂಗ್ ಲಿಸ್ಟಿನಲ್ಲಿ ನನ್ನ ಹೆಸರಿದೆ, ನನ್ನ ಹೆಂಡತಿಯದೂ ಇದೆ. ಹದಿನೈದರೊಳಗೆ ಇಬ್ಬರ ತೂಕ ಬರೆದು ಕಳಿಸಬೇಕು. ಇಲ್ಲದಿದ್ದರೆ ಎರಡೂ ಹೆಸರು ಕ್ಯಾನ್ಸಲ್. ಇವಳು ತೀರಿಕೊಂಡು ಹತ್ತು ತಿಂಗಳು. ಕಂಪನಿಗೆ ತಿಳಿಸಿಲ್ಲ.

ಮಾರ್ಚ್ 4

ಅಂಗಡಿಯಲ್ಲಿ ಒಂದು ತಕ್ಕಡಿ ರಿಪೇರಿ. ಊಟ. ನಿದ್ದೆ.

ಮಾರ್ಚ್ 9

ತರಕಾರಿಯವನು ತನ್ನ ತಕ್ಕಡಿ ತಂದಿದ್ದ. ಮೇಜಿನ ಮೇಲಿದ್ದ ಕಾಗದ ನೋಡಿದ. "ಯಜಮಾನ್ರೇ, ಅಲ್ಲಿ ಮೇಲೆ ತೂಕಾನೇ ಇರಲ್ವಂತೆ. ನಿಮ್ಮ ಅಂಗಡಿ ಅಲ್ಲಿ ನಡೆಯಲ್ಲ ಬಿಡಿ!"

ನಕ್ಕೆ. ಮಾಸ್ ಬೇರೆ, ವೆಯ್ಟ್ ಬೇರೆ ಎಂದು ಶುರು ಮಾಡಿ ಅರ್ಧದಲ್ಲಿ ಮರೆತೆ.

ಮಾರ್ಚ್ 14, ಸಂಜೆ

ಫಾರ್ಮ್ ಹಿಡಿದು ಅಂಗಡಿಯಲ್ಲೇ ಕೂತಿದ್ದೇನೆ. ನನ್ನದು ಅರವತ್ತೇಳು. ಬರೆದಾಯಿತು.

ಇವಳು ಪ್ರತಿ ಭಾನುವಾರ ಬಂದು ಇಲ್ಲಿಯ ದೊಡ್ಡ ತಕ್ಕಡಿ ಹತ್ತುತ್ತಿದ್ದಳು. ತೂಕ ಇಳಿಸಿದರೆ ಟಿಕೆಟ್ ನಮ್ಮಂಥವರ ಕೈಗೂ ಎಟುಕುತ್ತದೆ ಎಂದು ಅವಳ ಲೆಕ್ಕ. ಸಿಹಿ ಬಿಟ್ಟಳು. ಮೆಟ್ಟಿಲು ಹತ್ತಿ ಇಳಿದಳು. ಮುಳ್ಳು ಜಪ್ಪಯ್ಯ ಅನ್ನಲಿಲ್ಲ. ಸಪ್ಪೆ ಮುಖ ನೋಡಲಾರದೆ ನಾನೇ ಹಿಂದಿನ ಸ್ಕ್ರೂ ಒಂದು ಚೂರು ತಿರುಗಿಸಿದೆ — ಎರಡು ಕಿಲೋ ಕಡಿಮೆ ತೋರಿಸಿತು. ಎಷ್ಟು ಖುಷಿ ಅವಳಿಗೆ! ಮುಂದಿನ ತಿಂಗಳು ಇನ್ನೊಂದು ಚೂರು.

ಆಮೇಲೆ ನಾನು ಮುಟ್ಟದಿದ್ದರೂ ಇಳಿಯಿತು. ಸ್ಕ್ರೂ ಸಡಿಲವಾಗಿದೆ ಅಂದುಕೊಂಡೆ. ಬಿಗಿ ಮಾಡಲಿಲ್ಲ. ನಗುತ್ತಿದ್ದಳಲ್ಲ. "ನೋಡ್ತಾ ಇರಿ, ಟಿಕೆಟ್ ಇಳಿಯೋಕೆ ಮುಂಚೆ ನಾನೇ ಇಳೀತೀನಿ."

ಹಾಗೆ ನಾಲ್ಕು ತಿಂಗಳು. ಕಾಯಿಲೆ ಆಗಲೇ ಒಳಗಿತ್ತು.

"ಇಷ್ಟು ತೂಕ ಇಳಿದಿದ್ದು ಗೊತ್ತೇ ಆಗ್ಲಿಲ್ವಾ? ನೀವು ಏನು ಕೆಲ್ಸ ಮಾಡ್ಕೊಂಡಿದ್ದೀರಿ?" ಎಂದು ಡಾಕ್ಟರು ಕೇಳಿದರು. ಹೇಳಲಿಲ್ಲ. ಪಕ್ಕದಲ್ಲಿ ಮಗಳಿದ್ದಳು. ಸ್ಕ್ರೂ ವಿಷಯ ಅವಳಿಗೂ ಇವತ್ತಿನವರೆಗೆ ಹೇಳಿಲ್ಲ.

ಇವಳ ಹೆಸರಿನ ಮುಂದೆ ಏನು ಬರೆಯಲಿ? ನನಗೆ ಗೊತ್ತಿರುವ ಅವಳ ತೂಕವೆಲ್ಲ ಸುಳ್ಳು.

ಎರಡೂ ಹೆಸರಿನ ಮೇಲೆ ಗೆರೆ ಎಳೆದೆ. ಏನೂ ಅನ್ನಿಸಲಿಲ್ಲ. ಈಗ ಮಗಳಿಗೆ ಫೋನ್ ಮಾಡಬೇಕು. ನಾಲಿಗೆ ತೊದಲಬಾರದು, ಹೇಳುವುದನ್ನು ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ — ಅಮ್ಮ ಇಳಿದುಹೋಗಿದ್ದನ್ನು ನಾನು ವಾರ ವಾರ ನೋಡಿದ್ದೆ ಮಗಳೇ, ಆದರೆ... ಬೆಳಕು ಹೋಗುತ್ತಿದೆ. ಅಕ್ಷರ ಒಂದರ ಮೇಲೊಂದು