ಬೆಳಗಿನ ಶಟಲ್, ಸಂಜೆಯ ವ್ಯಾನ್

ಸೆಪ್ಟೆಂಬರ್ 3, ಬೆಳಿಗ್ಗೆ 8
ಕಾಲೇಜ್ ಬಸ್‌ನಲ್ಲಿ ಬರೆಯುತ್ತಿದ್ದೇನೆ, ಅಕ್ಷರಗಳು ಕುಣಿಯುತ್ತಿವೆ. ಪಾರ್ಸೆಲ್ ಕಂಪನಿಯಿಂದ ರಿಪ್ಲೈ! ಎರಡು ಪಾರ್ಟ್‌ಟೈಮ್ ಕೆಲಸ ಖಾಲಿ, ಎರಡೂ ಡ್ರೈವಿಂಗ್. ಒಂದು ಬೆಳಗಿನ ಶಟಲ್ — ಗೋಡೌನ್‌ನಿಂದ ರೈಲ್ವೆ ಸ್ಟೇಷನ್, ವಾಪಸ್, ಅಷ್ಟೇ. ಇನ್ನೊಂದು ಸಂಜೆಯ ವ್ಯಾನ್ — ಮನೆಮನೆಗೆ. ಶುಕ್ರವಾರದೊಳಗೆ ಹೇಳಬೇಕು.

ಶಟಲ್ ಸೇಫ್. ಯಾರ ಕಣ್ಣಿಗೂ ಬೀಳುವುದಿಲ್ಲ. ವ್ಯಾನ್ ಹೋಗುವುದು ಬಸ್ ಡಿಪೋ ಮುಂದೆ. ಅಲ್ಲಿ ಅಪ್ಪ. ಇಪ್ಪತ್ತೆರಡು ವರ್ಷದಿಂದ ಬಸ್ ಓಡಿಸುವ ಅಪ್ಪನದು ಒಂದೇ ಮಾತು: "ಸ್ಟೇರಿಂಗ್ ನನಗೇ ಸಾಕು. ನೀನು ಓದು."

ನಾನು ಲೈಸೆನ್ಸ್ ಮಾಡಿಸಿದ್ದು ಅಮ್ಮನಿಗೆ ಮಾತ್ರ ಗೊತ್ತು.

ಸೆಪ್ಟೆಂಬರ್ 4, ಸಂಜೆ
ವ್ಯಾನ್‌ನ ಟ್ರಯಲ್‌ಗೆ ಹೋಗಿದ್ದೆ. ಇಷ್ಟು ದಿನ ಅದನ್ನು ಓಡಿಸಿ ಈಗ ಕೆಲಸ ಬಿಡುತ್ತಿರುವ ಅಕ್ಕ ನಲವತ್ತು ಡಬ್ಬ ತೋರಿಸಿ, ಲೋಡ್ ಮಾಡು ಅಂದರು. ಹೆಸರು ನೋಡಿ ಎ ಇಂದ ಝಡ್‌ವರೆಗೆ ಜೋಡಿಸಿದೆ. ಸೂಪರ್ ನೀಟ್. ಹಾಸ್ಟೆಲ್ ಬುದ್ಧಿ.

"ಏನಮ್ಮಾ, ಹಾಜರಿ ಕೂಗ್ತೀಯಾ?" ಅಕ್ಕ ನಕ್ಕು ನಕ್ಕು ಸುಸ್ತಾದರು. "ಕೊನೇ ಮನೇದು ಮೊದಲು ಒಳಗೆ ಹೋಗ್ಬೇಕು ಕಣೇ. ಮೊದಲನೇ ಮನೇದು ಬಾಗಿಲ ಹತ್ರ. ಇಲ್ಲಾಂದ್ರೆ ಮನೆಮನೆ ಮುಂದೆ ಅರ್ಧ ವ್ಯಾನ್ ಖಾಲಿ ಮಾಡ್ತಾ ಕೂತ್ಕೋ!"

ಎಲ್ಲ ಇಳಿಸಿ ಮತ್ತೆ ಏರಿಸಿದೆವು. ನಾಚಿಕೆ... ಆದರೆ ಆಮೇಲೆ — ಬಾಗಿಲುಗಳು! ಒಬ್ಬರು ಅಜ್ಜಿ ಡಬ್ಬವನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಇನ್ನೊಬ್ಬರ ಕೈತುಂಬ ಸೋಪಿನ ನೊರೆ. "ಅಲ್ಲೇ ಶೂ ಸ್ಟ್ಯಾಂಡ್ ಮೇಲಿಡಿ" ಅಂತ ಗಲ್ಲದಿಂದ ತೋರಿಸಿದರು. ಹನ್ನೆರಡು ವರ್ಷ ಹಾಸ್ಟೆಲ್‌ನಲ್ಲಿದ್ದವಳಿಗೆ ನಮ್ಮೂರಿನಲ್ಲೇ ಇಷ್ಟು ಬೀದಿಗಳಿವೆ ಅಂತ ಗೊತ್ತಾದದ್ದು ಇವತ್ತು. ಒಂದೊಂದು ಬಾಗಿಲ ಹಿಂದೆ ಏನಿರುತ್ತದೆ? ನೋಡಲೇಬೇಕು.

ಅಂದರೆ ವ್ಯಾನ್. ಅಂದರೆ ಅಪ್ಪನಿಗೆ ಹೇಳಬೇಕು.

ಸೆಪ್ಟೆಂಬರ್ 6
ಹೇಳಿದೆ. ಅಪ್ಪ ಶರ್ಟ್‌ಗೆ ಇಸ್ತ್ರಿ ಹಾಕುತ್ತಿದ್ದರು. ಕೈ ನಿಂತಿತು.

"ಯಾರು ಕಲಿಸಿದ್ರು?"

"ಡ್ರೈವಿಂಗ್ ಸ್ಕೂಲ್‌ನಲ್ಲಿ..."

"ಮನೇಲಿ ನಾನಿರೋವಾಗ, ಸ್ಕೂಲಾ?"

ಬೈಗುಳಕ್ಕೆ ರೆಡಿಯಾಗಿದ್ದೆ. ಇದಕ್ಕಲ್ಲ. ಸ್ವಿಚ್ ಆಫ್ ಮಾಡಿ ಹೊರಗೆ ಹೋದರು.

ಫಾರ್ಮ್‌ನಲ್ಲಿ ವ್ಯಾನ್‌ಗೇ ಟಿಕ್ ಹಾಕಿ ಕಳಿಸಿದೆ. ಕಳಿಸಿದ ಮೇಲೆ ಮೂರು ಸಲ ತೆಗೆದು ನೋಡಿದೆ.

ಸೆಪ್ಟೆಂಬರ್ 11, ಸಂಜೆ 4.10
ಐದು ದಿನದಿಂದ ಅಪ್ಪ ನಾನು ಏಳುವ ಮೊದಲೇ ಡಿಪೋಗೆ ಹೊರಟುಬಿಡುತ್ತಿದ್ದಾರೆ. ಇವತ್ತು ಮೊದಲ ಡ್ಯೂಟಿ. ಡ್ರೈವರ್ ಸೀಟಿನಲ್ಲಿ ಕೂತು ಗೇಟ್ ಪಾಸ್‌ಗೆ ಕಾಯುತ್ತಿದ್ದೇನೆ. ಕೈ ಸುಮ್ಮನಿರಲಿ ಅಂತ ಬರೆಯುತ್ತಿದ್ದೇನೆ.

ಅಯ್ಯೋ. ಅಪ್ಪ!

ಸೂಪರ್‌ವೈಸರ್ ಹತ್ತಿರ ಏನೋ ಕೇಳುತ್ತಿದ್ದಾರೆ. "ಗೇಟ್ ತನಕ ಮಾತ್ರ ಸರ್," ಅಂದದ್ದು ಕೇಳಿಸಿತು. ವ್ಯಾನಿಗೆ ಒಂದು ಸುತ್ತು ಹಾಕಿದರು. ಟೈರ್ ಒದ್ದು ನೋಡಿದರು. ಇಳಿ ಅನ್ನುತ್ತಾರೆ ಅಂದುಕೊಂಡೆ... ಆಚೆ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತುಬಿಟ್ಟರು.

ಅಪ್ಪ ಪಕ್ಕದ ಸೀಟಿನಲ್ಲಿ ಕೂತದ್ದನ್ನು ನಾನು ನೋಡಿದ್ದೇ ಇಲ್ಲ. ಬೆಲ್ಟ್‌ಗಾಗಿ ತಪ್ಪು ಭುಜದ ಹಿಂದೆ ತಡಕಾಡುತ್ತಿದ್ದಾರೆ. ಹೇಳಲೋ ಬೇಡವೋ...

"ಬರೆದದ್ದು ಸಾಕು. ಕನ್ನಡಿ ನೋಡ್ಕೊಂಡ್ಯಾ? ತೆಗಿ ಗಾಡಿ, ನೋಡೋಣ —"